ಬೀಡಿನ ಕೋಣ, ಬರ್ಕಾದ ಹೋರಿ

ಅಡುಗೆಮನೆಯಲ್ಲಿ ಹುರುಳಿ ಬೇಯುತ್ತಿದೆ. ಕುಕ್ಕರು ಒಂದು ಸೀಟಿ ಹಾಕಿದ್ದೇ ತಡ, ಆ ಬೆಚ್ಚಗಿನ ವಾಸನೆ ಜಗಲಿಯಲ್ಲಿ ಕುಳಿತ ನನ್ನ ಮೂಗಿಗೆ ಬಂತು. ಹುರುಳಿ ಎಂದರೆ ನಿಮಗೆ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ಕೋಣ. ಒಮ್ಮೆ ಈ ಮಾತನ್ನು ಹೆಂಡತಿ ಸುಜಾತಳ ಎದುರು ಆಡಿ ಆ ದಿನದ ಸಾರನ್ನೇ ಕಳೆದುಕೊಂಡಿದ್ದೇನೆ. ಹಾಗಾಗಿ ಇದು ನಿಮ್ಮಲ್ಲೇ ಇರಲಿ.

ಕೆಲವರಿಗೆ ಕ್ರಿಕೆಟ್ ತಂಡದ ಹುಚ್ಚು, ಕೆಲವರಿಗೆ ಯಕ್ಷಗಾನ ಮೇಳದ ಹುಚ್ಚು. ನನಗಿದ್ದದ್ದು ನಮ್ಮೂರ ಹಳೆಯ ಜಮೀನ್ದಾರರ ಬೀಡಿನ ಮನೆಯ ಕಂಬಳದ ಕೋಣಗಳ ಹುಚ್ಚು. ಹೆಸರು ಬೊಳ್ಳ ಮತ್ತು ಪಾಂಡು; ಹಳೆಯ ಜೋಡಿಗೆ ವಯಸ್ಸಾದರೆ ಹೊಸ ಜೋಡಿಗೂ ಅದೇ ಹೆಸರು. ಅವಕ್ಕೆ ಹುರುಳಿ ಬೇಯಿಸಿ ಹಾಕಿದವರು, ಮೈಗೆ ಎಣ್ಣೆ ತಿಕ್ಕಿಸಿದವರು ಎಲ್ಲ ಬೀಡಿನವರೇ. ನಾವು ಊರವರು ಮಾಡಿದ್ದೆಂದರೆ ಬೊಬ್ಬೆ ಹೊಡೆದದ್ದು. ಆದರೂ ಆ ಜೋಡಿ ಕೆಸರು ನೀರು ಚಿಮ್ಮಿಸುತ್ತ ಓಡಿ ಗೆದ್ದ ದಿನ ಮೀಸೆ ತಿರುವಿಕೊಂಡು ಮನೆಗೆ ಬರುತ್ತಿದ್ದವರು ನಾವು. ನನಗೆ ಆಗ ಮೀಸೆ ಸರಿಯಾಗಿ ಮೂಡಿರಲೂ ಇಲ್ಲ.

ಎಂಬತ್ತರ ದಶಕದಲ್ಲಿ ಒಮಾನಿಗೆ ಹೋದೆ. ಅಲ್ ಖೌದ್‌ನಲ್ಲಿ ಫ್ಲ್ಯಾಟು, ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸ. ಊರಿಂದ ಯಾರು ಬಂದರೂ ಉಪ್ಪಿನಕಾಯಿ ಹಪ್ಪಳದ ಜೊತೆ ನನ್ನ ತಮ್ಮ ಒಂದು ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದ. ಹಾಡಿನದ್ದಲ್ಲ ಮಾರಾಯ್ರೆ, ಕಂಬಳದ ಮೈಕಿನಲ್ಲಿ ಕೋಣಗಳ ಹೆಸರು ಕೂಗುವುದನ್ನು ರೆಕಾರ್ಡು ಮಾಡಿದ್ದು. ಅರ್ಧ ಕ್ಯಾಸೆಟ್ಟು ಗಾಳಿಯ ಸದ್ದು, ಉಳಿದರ್ಧ ಪಕ್ಕದಲ್ಲಿ ನಿಂತ ಯಾರೋ ಕಡಲೆ ಜಗಿಯುವ ಸದ್ದು. ನಡುವೆ ಎಲ್ಲೋ “ಬೊಳ್ಳ, ಪಾಂಡು” ಎಂದು ಕೇಳಿಸಿತೋ, ನಾನು ಕಾರಿನ ಸ್ಟಿಯರಿಂಗಿಗೆ ಒಂದು ಗುದ್ದು ಹಾಕುತ್ತಿದ್ದೆ.

ಮಗಳು ವಿದ್ಯಾ ಹುಟ್ಟಿದ್ದು ಅಲ್ಲಿಯೇ. ಬೇರೆ ಅಪ್ಪಂದಿರು ಮಕ್ಕಳು ಡಾಕ್ಟರಾಗಲಿ, ಎಂಜಿನಿಯರಾಗಲಿ ಎಂದು ಆಸೆಪಟ್ಟರೆ ನನ್ನದು ಇಷ್ಟೇ: ಇವಳು ನನ್ನ ಪಕ್ಕದಲ್ಲಿ ನಿಂತು ಬೊಳ್ಳನ ಹೆಸರು ಹಿಡಿದು ಗಂಟಲು ಹರಿಯುವ ಹಾಗೆ ಕೂಗಬೇಕು. ನಗಬೇಡಿ. ಆ ಆಸೆ ನನಗೆ ನಿಜವಾಗಿಯೂ ಬಹಳ ಇತ್ತು.

ತೊಡಕು ಇದ್ದದ್ದು ರಜೆಯಲ್ಲಿ. ಕಂಬಳ ಚಳಿಗಾಲದ್ದು, ಅಲ್ಲಿಯ ಶಾಲೆಗಳ ದೊಡ್ಡ ರಜೆ ಬೇಸಿಗೆಯದ್ದು. ನಾವು ಊರು ಮುಟ್ಟುವಾಗ ಜುಲೈ ತಿಂಗಳು. ಕೋಣಗಳು ಓಡುವ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟಾಗಿರುತ್ತಿತ್ತು, ಕೋಣಗಳು ಹಟ್ಟಿಯಲ್ಲಿ ನೊಣ ಓಡಿಸುತ್ತ ಮಲಗಿರುತ್ತಿದ್ದವು. ವಿದ್ಯಾಳಿಗೆ ಏಳು ವರ್ಷವಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬೀಡಿನ ಹಟ್ಟಿಗೆ ಹೋದೆ.

“ನೋಡು, ಇವನೇ ಬೊಳ್ಳ.”

ಅವಳು ಮೂಗು ಮುಚ್ಚಿಕೊಂಡಳು. “ಬಟ್ ಪಪ್ಪಾ, ಅದು ಸುಮ್ಮನೆ ಮಲಗಿದೆ.”

“ಅವಕ್ಕೀಗ ರಜೆ ಮಗಾ.”

“ಮತ್ತೆ ನಾವು ಯಾಕೆ ಬಂದದ್ದು?”

ಬೊಳ್ಳ ಆಗಲೇ ಒಂದು ಬುಟ್ಟಿ ಸಗಣಿ ಹಾಕಿ ನನ್ನ ಮಾನ ಕಳೆದ. ಅವಳನ್ನು ಇಳಿಸಿ ಕೈಹಿಡಿದುಕೊಂಡು ಬಂದೆ. ಮನಸ್ಸಿಗೆ ಬಹಳ ಬೇಜಾರಾಯಿತು.

ಈ ದುಃಖ ತೋಡಿಕೊಂಡದ್ದು ಅಲ್ ಖೌದ್‌ನ ಕಿರಾಣಿ ಅಂಗಡಿಯ ಉಸ್ಮಾನ್ ಕಾಕನ ಹತ್ತಿರ. ಅವರು ನಮ್ಮ ಪಕ್ಕದೂರಿನ ಬ್ಯಾರಿ, ಅವರ ಊರಿನ ಕೋಣಗಳಿಗೂ ನಮ್ಮವಕ್ಕೂ ಹಳೆಯ ಪೈಪೋಟಿ. “ಅಷ್ಟಕ್ಕೆ ಯಾಕೆ ತಲೆಬಿಸಿ ಮಾರಾಯ್ರೆ?” ಎಂದರು. “ಇಲ್ಲೇ ಬರ್ಕಾದಲ್ಲಿ ಶುಕ್ರವಾರ ಹೋರಿ ಕಾಳಗ ಉಂಟಲ್ಲ, ಚಳಿಗಾಲದಲ್ಲೇ. ಬಾಲೆಗೆ ಮೊದಲು ಅದರ ರುಚಿ ಹತ್ಲಿ. ಆಮೇಲೆ ನಿಮ್ಮ ಸೋಲುವ ಕೋಣ ತೋರಿಸಿ.”

ಕಾಕ, ವಿದ್ಯಾ, ನಾನು ಮೂವರೂ ಹೋದೆವು. ಧೂಳು, ಮೈಕು, ಪಿಕಪ್ಪಿನಿಂದ ಇಳಿಯುವ ಹೋರಿಗಳು, ಅವುಗಳ ಯಜಮಾನರ ಗತ್ತು. ಬಟ್ಟೆಬರೆ ಒಂದು ಬಿಟ್ಟರೆ ನಮ್ಮ ಊರೇ. ಕಂದು ಬಣ್ಣದ ಒಂದು ಹೋರಿ ಬಂತು. ಹೆಸರು ಶಾಹೀನ್ ಎಂದು ಪಕ್ಕದಲ್ಲಿದ್ದವರು ಹೇಳಿದರು. ಎರಡು ಹೋರಿಗಳು ತಲೆಗೆ ತಲೆ ಕೊಟ್ಟು ನಿಂತದ್ದೇ ನನ್ನೊಳಗಿನ ಕಂಬಳ ಎದ್ದುಬಿಟ್ಟಿತು. ಎದ್ದು ನಿಂತು ತುಳುವಿನಲ್ಲಿ “ಬಲಿಪು, ಬಲಿಪು!” ಎಂದು ಬೊಬ್ಬೆ ಹಾಕಿದೆ. ಓಡು, ಓಡು ಎಂದು.

ವಿದ್ಯಾ ಅಂಗಿ ಎಳೆದಳು. “ಪಪ್ಪಾ! ಇಲ್ಲಿ ಓಡಿದ್ರೆ ಸೋತ ಹಾಗೆ!”

ಶಾಹೀನ್‌ಗೆ ತುಳು ಎಲ್ಲಿಂದ ಬಂತೋ, ತಿರುಗಿ ಓಡಿಯೇಬಿಟ್ಟಿತು. ಅದೂ ನಮ್ಮ ಕಡೆಗೆ. ಜನ ದಿಕ್ಕಾಪಾಲು. ಉಸ್ಮಾನ್ ಕಾಕ ಒಂದು ಚಪ್ಪಲಿ ಬಿಟ್ಟು ಗೋಡೆ ಹತ್ತಿದರು. “ಊರಲ್ಲಿ ಕೋಣ ಸೋಲಿಸಿದ್ದು ಸಾಕಾಗ್ಲಿಲ್ವಾ ನಿಮಗೆ?” ಎಂದು ಅಲ್ಲಿಂದಲೇ ಕೇಳಿದರು. ಹೋರಿಯ ಮುದುಕ ಯಜಮಾನ “ಖಲಾಸ್, ಖಲಾಸ್” ಎಂದು ಸಮಾಧಾನ ಮಾಡುತ್ತ ಹಗ್ಗ ಹಿಡಿದು ಅದರ ಹಣೆ ಸವರಿದ. ವಿದ್ಯಾಳ ಕಣ್ಣು ತುಂಬಿತ್ತು. “ಪಾಪ ಶಾಹೀನ್,” ಎಂದಳು. “ಮುಂದಿನ ಫ್ರೈಡೇ ಬರ್ತದಾ ಅದು?”

ಬೊಳ್ಳನಿಗೆ ಎಂದು ನಾನು ಕಾದಿಟ್ಟಿದ್ದ ಕಣ್ಣೀರು ಬರ್ಕಾದ ಹೋರಿಯ ಪಾಲಾಯಿತು. ಸಂಕಟವಾಯಿತು, ನಿಜ. ಆದರೆ ಮಗಳು ಒಂದಕ್ಕಾದರೂ ಅತ್ತಳಲ್ಲ ಎಂದು ಖುಷಿಯೂ ಆಯಿತು. ಅವಳ ತಂಡವೇ ಇನ್ನು ನನ್ನ ತಂಡ ಎಂದುಕೊಂಡೆ.

ಆಮೇಲೆ ಚಳಿಗಾಲ ಬಂತೆಂದರೆ ಬರ್ಕಾ. ಊಟ ಮುಗಿಸಿ ಫ್ಲಾಸ್ಕಿಗೆ ಚಹಾ ತುಂಬಿ ನಾನೂ ವಿದ್ಯಾಳೂ ಹೊರಡುತ್ತಿದ್ದೆವು. “ಅಪ್ಪನಿಗೂ ಮಗಳಿಗೂ ದನದ ಹಿಂದೆ ಹೋಗುದೇ ಕೆಲಸ,” ಎಂದು ಸುಜಾತ ಬಾಗಿಲು ಹಾಕಿ ಮಲಗುತ್ತಿದ್ದಳು. ನಿಮ್ಮ ಹತ್ತಿರ ಸುಳ್ಳು ಯಾಕೆ, ನನಗೆ ಎರಡನೆಯ ವರ್ಷಕ್ಕೇ ಸಾಕುಸಾಕಾಗಿತ್ತು. ಹೋರಿಗಳು ತಳ್ಳಾಡುವುದು ಒಂದು ಗಳಿಗೆ, ಮುಂದಿನ ಜೋಡಿಗೆ ಕಾಯುವುದು ಒಂದು ಯುಗ. ಮೂಗು, ಕಿವಿ, ಚಹಾ ಎಲ್ಲ ಧೂಳು. ಆದರೆ ಮಗಳ ಇಷ್ಟ ಎಂದು ಹಲ್ಲುಕಚ್ಚಿ ಕೂತೆ. ಅವಳು ಶಾಲೆ ಮುಗಿಸಿ ಮಂಗಳೂರಿಗೆ ಓದಲು ಹೋಗುವವರೆಗೂ ಇದು ನಡೆಯಿತು.

ಈಗ ನಾನೂ ಸುಜಾತಳೂ ಊರಿಗೆ ಮರಳಿದ್ದೇವೆ; ವಿದ್ಯಾ ಒಮಾನಿನ ನಿಜ್ವಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಈ ಡಿಸೆಂಬರಿನಲ್ಲಿ ರಜೆ ಸಿಕ್ಕಿ ಊರಿಗೆ ಬಂದಿದ್ದಾಳೆ. ಇದನ್ನೆಲ್ಲ ಯೋಚಿಸುತ್ತ ಕುಳಿತಿದ್ದಾಗ ಜಗಲಿಗೆ ಬಂದು, “ಎಂತ ಪಪ್ಪಾ, ಒಬ್ರೇ ನಗುದು?” ಎಂದಳು.

“ಬರ್ಕಾ ನೆನಪಾಯ್ತು. ನಿನಗೋಸ್ಕರ ಎಷ್ಟು ಧೂಳು ತಿಂದಿದ್ದೇನೆ ಮಾರಾಯ್ತಿ!”

ಅವಳು ನನ್ನನ್ನೇ ನೋಡಿದಳು. “ನನಗೋಸ್ಕರವಾ? ನಾನು ಬರ್ತಿದ್ದದ್ದು ನಿಮಗೋಸ್ಕರ ಅಲ್ವಾ?”

“ಶಾಹೀನ್‌ಗೆ ಅತ್ತವಳು ನೀನಲ್ವಾ?”

“ಅದು ಮೊದಲ ಸಲ. ಆಮೇಲೆ ಬೋರ್ ಆಗಿತ್ತು. ಆದ್ರೆ ಶುಕ್ರವಾರ ಬಂದ್ರೆ ನೀವು ಫ್ಲಾಸ್ಕ್ ಹಿಡ್ಕೊಂಡು ರೆಡಿ. ಹೇಗೆ ಬೇಡ ಅನ್ನುದು?”

ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಇಬ್ಬರಿಗೂ ಬೇಡದ ಹೋರಿಗಳನ್ನು ಅಷ್ಟು ವರ್ಷ ನೋಡಿದ್ದೇವೆ! ನಗು ಇಳಿದ ಮೇಲೆ ಕೇಳಿಯೇಬಿಟ್ಟೆ. “ಹಾಗಾದರೆ ಬೊಳ್ಳ, ಪಾಂಡು?”

“ಇಲ್ಲ ಪಪ್ಪಾ. ಕೋಣ ನನಗೆ ಇಷ್ಟ ಆಗ್ಲೇ ಇಲ್ಲ. ಇಷ್ಟ ಇದ್ದದ್ದು ಕಾರು. ಅಮ್ಮ ಬರ್ತಿರ್ಲಿಲ್ಲ ಅಲ್ವಾ, ಮುಂದಿನ ಸೀಟು ನನಗೆ. ಬರ್ಕಾ ಮುಟ್ಟುವವರೆಗೆ ನೀವು ಕತೆ ಹೇಳ್ತಿದ್ರಿ.”

ಆದರೂ ಹಳೆಯ ಚಾಳಿ ಬಿಡಲಿಲ್ಲ. ಪಕ್ಕದೂರಿನಲ್ಲಿ ಇವತ್ತು ಕಂಬಳ ಉಂಟು, ಹೋಗುವನಾ ಎಂದೆ.

“ಕಂಬಳ ಬೇಡ. ಸುಮ್ಮನೆ ಒಂದು ರೌಂಡ್ ಹೋಗುವಾ,” ಎಂದು ಕಾರಿನ ಕೀ ತೆಗೆದುಕೊಂಡಳು. ಕಣ್ಣಿಗೆ ಪೊರೆ ಬಂದ ಮೇಲೆ ನಾನು ಕಾರು ಓಡಿಸುವುದಿಲ್ಲ. ಹೋಗಿ ಮುಂದಿನ ಸೀಟಿನಲ್ಲಿ ಕುಳಿತೆ. ಗೇಟು ದಾಟಿದ ಮೇಲೆ ಅವಳು ಗೇರು ಬದಲಿಸುತ್ತ, “ಹೂಂ, ಹೇಳಿ ಪಪ್ಪಾ,” ಎಂದಳು. “ಪಾಂಡುವಿನ ಕಾಲಿಗೆ ಮುಳ್ಳು ಚುಚ್ಚಿದ ವರ್ಷದ್ದು.”