ಫೋನ್ ಮಾಡದೆ ಹೋದ ಅಪರಾಧ

ಮಿತ್ರರೇ, ಇಂದು ನಾನೊಂದು ಅಪರಾಧ ಮಾಡಿದೆ. ಫೋನ್ ಮಾಡದೆ ಗೆಳೆಯ ಬಸಣ್ಣನ ಮನೆಗೆ ಹೋದೆ. ಅರ್ಧ ಬಾಗಿಲು ತೆರೆದ ಅವನ ಸೊಸೆ, "ಫೋನ್ ಮಾಡಿ ಬಂದೀರೇನ್ರಿ ಕಾಕಾ?" ಎಂದಳು.

ಚಹಾ ಕುಡಿಯುತ್ತ ಬಸಣ್ಣನಿಗೆ ಭಾಷಣ ಬಿಗಿದೆ: "ನಮ್ಮ ಕಾಲಕ್ಕ ಆಳಂದದಾಗ ಹಗಲೊತ್ತು ಬಾಗ್ಲಾ ಯಾರ್ ಹಾಕ್ತಿದ್ರಲೇ? ಸೀದಾ ಅಡಗಿಮನಿಗಿ ಹೋಗಿ ರೊಟ್ಟಿ ಕೇಳ್ತಿದ್ವಿ. ನನ್ನ ಮನಿ ಇವತ್ತಿಗೂ ಹಂಗೇ ಅದ!"

ಸಂಜೆ ದಣಿದು ಕೂತಿದ್ದಾಗ ನಮ್ಮ ಮನೆಯ ಬೆಲ್ ಆಯಿತು. ಟಿವಿ ಬಂದ್ ಮಾಡಿ ಹೆಂಡತಿಗೆ ಪಿಸುಗುಟ್ಟಿದೆ: "ಫೋನ್ ಮಾಡ್ದೇ ಯಾರೋ ಬಂದಾರ. ಸುಮ್ನ ಕೂಡು, ಹೋಗ್ತಾರ."

ಅಷ್ಟರಲ್ಲಿ ನನ್ನ ಕಿಸೆಯಲ್ಲಿದ್ದ ಫೋನೇ ಹೊಡೆದುಕೊಂಡಿತು. ಹೊರಗಿನಿಂದ ಬಸಣ್ಣ ಕೂಗಿದ: "ಈಗ ಫೋನ್ ಮಾಡೇನಿ ನೋಡಲೇ, ಬಾಗ್ಲಾ ತೆಗಿ! ಚಷ್ಮಾ ನಮ್ಮ ಮನ್ಯಾಗೇ ಬಿಟ್ಟು ಬಂದೀದಿ."

ತೆಗೆದೆ. ಒಳಗಿನ ಎರಡು ಚಿಲಕಗಳ ಸದ್ದು ಅವನಿಗೂ ಕೇಳಿಸಿರಬೇಕು.