ಗಂಗವ್ವನ ಕಣದಾಗ ಬಸ್ಸು

ಎಪ್ಪತ್ತರ ದಶಕದಲ್ಲಿ ನಾನು ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಮೊರಬದ ಆಚೆಯ ಒಂದು ಸಣ್ಣ ಊರಿಗೆ ಬಸ್ಸು ಬಿಡಬಹುದೋ ಇಲ್ಲವೋ ನೋಡಿಬರಲು ನನ್ನನ್ನೂ ಡ್ರೈವರ್ ಖಾದರಸಾಬರನ್ನೂ ಖಾಲಿ ಬಸ್ಸಿನಲ್ಲಿ ಕಳಿಸಿದರು. ರಸ್ತೆಯೇನೋ ಪರವಾಗಿರಲಿಲ್ಲ. ಆದರೆ ಊರೊಳಗೆ ಬಸ್ಸು ತಿರುಗಿಸಲು ಜಾಗವೇ ಇರಲಿಲ್ಲ. ಜಾಗವಿಲ್ಲದಿದ್ದರೆ ಬಸ್ಸೂ ಇಲ್ಲ ಎಂಬುದು ನಮ್ಮ ನಿಯಮ. ಹಾಗೆಂದು ಹೇಳಿದ ಕೂಡಲೇ ನೆರೆದಿದ್ದವರ ಮುಖ ಸಪ್ಪಗಾಯಿತು.

ಆಗ ಗಂಗವ್ವ ಎಂಬ ಮುದುಕಿ ಮುಂದೆ ಬಂದಳು. “ಊರ ಹೊರಗ ನನ್ನ ಕಣಾ ಐತ್ರಿ. ಸುಗ್ಗಿ ಮುಗದು ಖಾಲಿ ಬಿದ್ದೈತಿ. ಅಲ್ಲೇ ಹೊಳ್ಳಿಸ್ಕೋರಿ.”

“ಮುಂದಿನ ಸುಗ್ಗಿಗೆ ಏನ ಮಾಡತೀರಿ?” ಎಂದು ನಾನು ಕೇಳಿದೆ.

“ರಾಶಿ ಬಾಜೂಕ ಹಾಕತೀನ್ರಿ. ಆದರ ಈಗ ನಾನೂ ಒಳಗ ಕುಂದ್ರಾಕಿ.”

“ಪರೀಕ್ಷೆಯ ಗಾಡಿಯೊಳಗ ಮಂದೀನ್ನ ಹತ್ತಿಸಂಗಿಲ್ರಿ ಅವ್ವಾರ.”

“ನಾ ಮಂದಿ ಅಲ್ರಿ. ಕಣದ ಮಾಲಕಿ.”

ಖಾದರಸಾಬರು ನಗುತ್ತ ಬಾಗಿಲು ತೆರೆದರು. ಅವಳ ಹಿಂದೆ ಊರಿಗೆ ಊರೇ ಹತ್ತಿಬಿಟ್ಟಿತು. ಕಣದಲ್ಲಿ ಬಸ್ಸು ಸಲೀಸಾಗಿ ಒಂದು ಸುತ್ತು ಬಂದಿತು. ಒಳಗೆ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿ ನಗುತ್ತಿದ್ದರು.

“ಒಂದ ಸುತ್ತಿಗೆ ಏನ ತಿಳೀತೈತ್ರಿ?” ಎಂದಳು ಗಂಗವ್ವ.

“ಖರೇನ ಐತ್ರಿ ಸಾಹೇಬ್ರ,” ಖಾದರಸಾಬರು ಗಂಭೀರವಾಗಿ ನುಡಿದರು. “ಬಲಕ್ಕ ನೋಡಿದ್ವಿ. ಎಡಕ್ಕೂ ನೋಡಬೇಕಲ್ರಿ.”

ಎಡಕ್ಕೂ ನೋಡಿದೆವು. ಆಮೇಲೆ ಮತ್ತೆ ಬಲಕ್ಕೆ.

ತುಂಬಿದ ಬಸ್ಸೂ ಇಲ್ಲಿ ಸರಾಗವಾಗಿ ತಿರುಗುತ್ತದೆ ಎಂದು ವರದಿ ಬರೆದೆ. ಮುಂದಿನ ತಿಂಗಳೇ ಆ ಊರಿಗೆ ಬಸ್ಸು ಶುರುವಾಯಿತು. ನಾಲ್ಕನೆಯ ಸುತ್ತನ್ನು ನಾನೇ ಕೇಳಿ ಹೊಡೆಸಿದ್ದೆ ಎಂಬುದನ್ನು ಮಾತ್ರ ವರದಿಯಲ್ಲಿ ಬರೆಯಲಿಲ್ಲ.