ತಮ್ಮನ ಗಡ್ಡ

ತಮ್ಮನ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ, ಪರ್ತ್‌ನ ಕ್ಯಾನಿಂಗ್ಟನ್ ಹತ್ತಿರ ಪೊಲೀಸರು ನಾನು ಕೂತಿದ್ದ ಅವನ ಕಾರನ್ನು ಮತ್ತೆ ನಿಲ್ಲಿಸಿದರು. ಲೈಸೆನ್ಸ್ ನೋಡಿ, ಕಾರು ನಿನ್ನದೇನಾ ಎಂದು ಕೇಳಿ, ಮಾಮೂಲಿ ತಪಾಸಣೆ ಎಂದು ಬಿಟ್ಟರು.

“ಪ್ರತಿ ಸಲ ಮಾಮೂಲಿ ಅಂತಾರೆ. ಬಿಳಿಯರನ್ನ ಎಷ್ಟು ಸಲ ನಿಲ್ಲಿಸ್ತಾರೋ ನಂಗ್ ಹೇಗ್ ಗೊತ್ತಾಗ್ಬೇಕು? ಏನಂತ ಕಂಪ್ಲೇಂಟ್ ಕೊಡ್ಲಿ ಅಕ್ಕ?” ಎಂದ.

ಹೆಂಡತಿ ಬಸುರಿ, ಕ್ಷೌರ ಮಾಡಿಸಬಾರದು ಎಂದು ಅವನಿಗೆ ಗಡ್ಡ ಬಿಡಿಸಿದ್ದವಳು ನಾನೇ. ಈಗ ನಾನೇ, “ಗಡ್ಡ ನೋಡಿ ಹಿಡೀತಾರೋ ಏನೋ, ಬೋಳಿಸ್ಬಿಡಪ್ಪ” ಎಂದೆ.

“ಆಮೇಲೂ ನಿಲ್ಸಿದ್ರೆ ಇನ್ನೇನ್ ತೆಗೀಲಿ?” ಎಂದು ನಕ್ಕ.

ನಾನು ಹೆಚ್ಚು ಓದಿದವಳಲ್ಲ. ಆದರೆ ಅವನು ಸರಿಯಾಗಿಯೇ ಓಡಿಸುತ್ತಿದ್ದುದನ್ನು ಪಕ್ಕದಲ್ಲೇ ಕೂತು ಕಂಡಿದ್ದೆ. ಕಂಡೂ ಅವನ ಮುಖದಲ್ಲೇ ತಪ್ಪು ಹುಡುಕಿದೆನಲ್ಲ ಎಂಬ ಕೊರಗು ಊರಿಗೆ ಬಂದರೂ ಹೋಗಿಲ್ಲ.